ಮಾಪನದ ಅನಿಶ್ಚಿತತೆಯ ಅಂದಾಜನ್ನು ಪರೀಕ್ಷಿಸುವ ಬಗೆ

ಫಲಿತಾಂಶದ ಪಕ್ಕದಲ್ಲಿ ± ಚಿಹ್ನೆ ಹಾಕಿ ಬರೆಯುವ ಅನಿಶ್ಚಿತತೆಯೂ ಒಂದು ಅಂದಾಜೇ ಆದ್ದರಿಂದ ಅದನ್ನೂ ಪರೀಕ್ಷೆಗೆ ಒಡ್ಡಬೇಕು. ಮೊದಲು ರೀಡಿಂಗ್‌ಗಳ ಸಂಖ್ಯೆಯನ್ನು ನೋಡಿ. 10 ರೀಡಿಂಗ್‌ಗಳಿಂದ ಪಡೆದ ಮಾನಕ ವಿಚಲನೆಯಲ್ಲಿಯೇ (ಸರಾಸರಿಯ ಸುತ್ತ ಅವು ಎಷ್ಟು ಚದುರಿವೆ ಎಂಬುದರ ಅಳತೆ) ಸುಮಾರು ಶೇ. 24ರಷ್ಟು, 5 ರೀಡಿಂಗ್‌ಗಳಾದರೆ ಶೇ. 36ರಷ್ಟು ಅನಿಶ್ಚಿತತೆ ಇರುತ್ತದೆ. ಹೀಗಿರುವಾಗ ಅನಿಶ್ಚಿತತೆಗೆ ಎರಡಕ್ಕಿಂತ ಹೆಚ್ಚು ಸಾರ್ಥಕ ಅಂಕಿಗಳನ್ನು (ಆರಂಭದ ಸೊನ್ನೆಗಳನ್ನು ಬಿಟ್ಟು ಎಣಿಸುವ ಅಂಕಿಗಳನ್ನು) ಬರೆಯುವುದು ಸರಿಯಲ್ಲ.

ಎಲ್ಲ ರೀಡಿಂಗ್‌ಗಳಲ್ಲೂ ಒಂದೇ ರೀತಿ ಸೇರಿಕೊಂಡಿರುವ ದೋಷ ಮಾತ್ರ ಎಷ್ಟು ಸಲ ಅಳೆದರೂ ಹೊರಬೀಳುವುದಿಲ್ಲ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ 1917ರಲ್ಲಿ ಎಲೆಕ್ಟ್ರಾನಿನ ವಿದ್ಯುದಾವೇಶವನ್ನು, ಅಂದು ಬಳಕೆಯಲ್ಲಿದ್ದ ಸ್ಥಿರವಿದ್ಯುತ್ ಏಕಮಾನದಲ್ಲಿ, (4.774 ± 0.005) × 10⁻¹⁰ ಎಂದು ಕೊಟ್ಟರು. ಇಂದಿನ ಮೌಲ್ಯ 4.803, ಅಂದರೆ ವ್ಯತ್ಯಾಸ ಅವರು ಹೇಳಿದ ಅನಿಶ್ಚಿತತೆಯ ಸುಮಾರು ಆರು ಪಟ್ಟು. ಗಾಳಿಯಲ್ಲಿ ಚಲಿಸುವ ತೈಲಬಿಂದುಗಳ ವೇಗವನ್ನು ಅಳೆದು ಅವರು ಇದನ್ನು ಲೆಕ್ಕಹಾಕಿದ್ದರು, ಆ ಅಳತೆಯಲ್ಲಿ ಅವರ ಶ್ರದ್ಧೆ ದೊಡ್ಡದು. ಆದರೆ ಲೆಕ್ಕಕ್ಕೆ ತೆಗೆದುಕೊಂಡ ಗಾಳಿಯ ಸ್ನಿಗ್ಧತೆಯ (ಚಲನೆಗೆ ಅದು ಒಡ್ಡುವ ತಡೆಯ) ಮೌಲ್ಯವೇ ತುಸು ಕಡಿಮೆಯಿತ್ತು. ಆದ್ದರಿಂದ ಹೊರಗಿನಿಂದ ಪಡೆದ ಪ್ರತಿಯೊಂದು ಮೌಲ್ಯವನ್ನೂ ಬೇರೆ ಮೂಲದೊಂದಿಗೆ ತಾಳೆ ನೋಡಬೇಕು. ಸಾಧ್ಯವಾದಲ್ಲಿ ಅದೇ ಪರಿಮಾಣವನ್ನು ಬೇರೊಂದು ವಿಧಾನದಿಂದಲೂ ಅಳೆಯಬೇಕು.

ಅಳತೆಯ ಸಾಧನಗಳನ್ನು ಉಲ್ಲೇಖ ಮೌಲ್ಯಗಳೊಂದಿಗೆ ತಾಳೆ ನೋಡುವ ಕ್ಯಾಲಿಬ್ರೇಷನ್ ಪ್ರಯೋಗಾಲಯಗಳಿಗೆ ಅತ್ಯಂತ ನೇರವಾದ ಪರೀಕ್ಷೆ ಇಎನ್ (En) ಸಂಖ್ಯೆ. ನಿಮ್ಮ ಮೌಲ್ಯಕ್ಕೂ ಉಲ್ಲೇಖ ಮೌಲ್ಯಕ್ಕೂ ಇರುವ ವ್ಯತ್ಯಾಸವನ್ನು, ಎರಡರ ವಿಸ್ತೃತ ಅನಿಶ್ಚಿತತೆಗಳ (ಮಾನಕ ವಿಚಲನೆಯ ರೂಪದ ಅನಿಶ್ಚಿತತೆಯನ್ನು ವ್ಯಾಪ್ತಿ ಗುಣಕ ಎಂಬ ಸಂಖ್ಯೆಯಿಂದ, ಸಾಮಾನ್ಯವಾಗಿ 2ರಿಂದ, ಗುಣಿಸಿ ಪಡೆದವುಗಳ) ವರ್ಗಗಳ ಮೊತ್ತದ ವರ್ಗಮೂಲದಿಂದ ಭಾಗಿಸಿ. 100 ಗ್ರಾಂ ತೂಕದ ಬಟ್ಟೊಂದರ ದೋಷವನ್ನು ನೀವು 1.2 ± 0.6 ಮಿಲಿಗ್ರಾಂ ಎಂದೂ ಉಲ್ಲೇಖ ಪ್ರಯೋಗಾಲಯ 0.3 ± 0.3 ಎಂದೂ ವರದಿ ಮಾಡಿದ್ದರೆ, 0.9ನ್ನು 0.67ರಿಂದ ಭಾಗಿಸಿ 1.3 ಬರುತ್ತದೆ. ಇದು 1ನ್ನು ಮೀರಿರುವುದರಿಂದ ಫಲಿತಾಂಶ ತೃಪ್ತಿಕರವಲ್ಲ. ಆದರೂ ಒಂದೇ ಹೋಲಿಕೆಯಿಂದ ತೀರ್ಮಾನಕ್ಕೆ ಬರಬಾರದು, ಏಕೆಂದರೆ ವ್ಯಾಪ್ತಿ ಗುಣಕ 2 ಆಗಿದ್ದು ಅಂದಾಜುಗಳು ಸರಿಯಾಗಿದ್ದಾಗಲೂ 20ರಲ್ಲಿ ಸುಮಾರು ಒಂದು ಹೋಲಿಕೆ ಈ ಮಿತಿಯನ್ನು ದಾಟುತ್ತದೆ. ಹಲವು ಹೋಲಿಕೆಗಳ ದಾಖಲೆ ಇಟ್ಟು ನೋಡಿದರೆ ಅವುಗಳಲ್ಲಿ ಮೂರನೆಯ ಎರಡರಷ್ಟು 0.5ರ ಒಳಗೆ ಇರಬೇಕು. ಎಲ್ಲವೂ 0.1ರ ಸುತ್ತಲೇ ಇದ್ದರೆ ಅನಿಶ್ಚಿತತೆಯನ್ನು ಅಗತ್ಯಕ್ಕಿಂತ ಹಿಗ್ಗಿಸಿ ಬರೆಯಲಾಗಿದೆ ಎಂದು ಶಂಕಿಸಬೇಕು. ಪರಿಶೀಲಕರು ಸಾಮಾನ್ಯವಾಗಿ ಗಮನಿಸದ ಈ ದೋಷವೂ ಬಳಕೆದಾರರಿಗೆ ನಷ್ಟವನ್ನೇ ತರುತ್ತದೆ.

ಉಲ್ಲೇಖ ಮೌಲ್ಯವೇ ಇಲ್ಲದಿದ್ದಾಗ ಸ್ವತಂತ್ರ ಫಲಿತಾಂಶಗಳನ್ನು ಪರಸ್ಪರ ಹೋಲಿಸಿ ಬರ್ಜ್ ಅನುಪಾತವನ್ನು, ಅಂದರೆ ಅವುಗಳ ನಿಜವಾದ ಚದುರುವಿಕೆ ಹೇಳಿದ ಅನಿಶ್ಚಿತತೆಗಳಿಂದ ನಿರೀಕ್ಷಿಸಬಹುದಾದುದರ ಎಷ್ಟು ಪಟ್ಟು ಎಂಬುದನ್ನು, ಕಂಡುಕೊಳ್ಳಬಹುದು. ಅದು 1ಕ್ಕಿಂತ ಬಹಳ ಹೆಚ್ಚಾದರೆ ಕೆಲವರಾದರೂ ತಮ್ಮ ಅನಿಶ್ಚಿತತೆಯನ್ನು ಕಡಿಮೆ ಅಂದಾಜಿಸಿದ್ದಾರೆ ಎಂದು ತಿಳಿಯಬೇಕು. ಗುರುತ್ವ ಸ್ಥಿರಾಂಕದ 16 ಮೌಲ್ಯಗಳು ಪರಸ್ಪರ ಹೊಂದದ ಕಾರಣ ಭೌತಿಕ ಸ್ಥಿರಾಂಕಗಳ ಶಿಫಾರಸು ಮೌಲ್ಯಗಳನ್ನು ಪ್ರಕಟಿಸುವ ಅಂತರರಾಷ್ಟ್ರೀಯ ಸಮಿತಿ ಕೊಡೇಟಾದ 2018ರ ಹೊಂದಾಣಿಕೆಯಲ್ಲಿ ಅವುಗಳ ಅನಿಶ್ಚಿತತೆಗಳನ್ನು 3.9ರಿಂದ ಗುಣಿಸಬೇಕಾಯಿತು. ಇಂಥ ಗುಣಾಕಾರ ಕೊನೆಯ ಉಪಾಯ. ಅದಕ್ಕೆ ಮೊದಲು ದೋಷದ ಮೂಲವನ್ನು ಹುಡುಕಬೇಕು.