ಒಂದು ಬೆಡ್ಡಿಗೆ ಒಂದು ಪುಟ

ಬಿ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷ, ವಿಜಯಪುರದ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಬೆಳಗಿನ ಪೋಸ್ಟಿಂಗ್. ಟ್ರೇ ಹಿಡಿದು ನಿಂತಿದ್ದ ನನ್ನನ್ನು ಇನ್‌ಚಾರ್ಜ್ ಸಿಸ್ಟರ್ ಕೇಳಿದರು: "ಡಿಗಾಕ್ಸಿನ್ ಬಗ್ಗೆ ಹೇಳು ನೋಡೋಣ." ಹೃದಯದ ಈ ಔಷಧವನ್ನು ಹಿಂದಿನ ರಾತ್ರಿಯಷ್ಟೇ ಬಾಯಿಪಾಠ ಮಾಡಿದ್ದೆ. ಯಾವ ಗುಂಪು, ಸೋಡಿಯಂ-ಪೊಟ್ಯಾಸಿಯಂ ಪಂಪಿಗೆ ಏನು ಮಾಡುತ್ತದೆ, ಅಡ್ಡಪರಿಣಾಮ ಯಾವುವು, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿದೆ.

"ಶಾಣ್ಯಾಕಿ ಅದೀ. ಈಗ ಈ ಅಜ್ಜಗ ಗುಳಿಗಿ ಕೊಡ್ತೀಯೋ, ಬಿಡ್ತೀಯೋ?"

ನನ್ನ ಬಾಯಿ ಕಟ್ಟಿತು. ನಾನು ಅಜ್ಜನ ನಾಡಿಯನ್ನೇ ನೋಡಿರಲಿಲ್ಲ. ಸಿಸ್ಟರ್ ನನ್ನ ಕೈಗೆ ಸ್ಟೆತೊಸ್ಕೋಪ್ ಕೊಟ್ಟು, ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಲು ಹೇಳಿದರು. 52 ಬಂತು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಡಿಗಾಕ್ಸಿನ್ ತಡೆದು ಡಾಕ್ಟರಿಗೆ ತಿಳಿಸಬೇಕು. ಪುಸ್ತಕದಲ್ಲಿ ಈ ಮಾತು ಇರಲಿಲ್ಲವೆಂದಲ್ಲ. ಪುಟದ ಕೊನೆಯಲ್ಲಿ ಇತ್ತು, ನಾನು ಅದನ್ನು ಉಳಿದುಬಳಿದದ್ದು ಅಂತ ಹಾರಿಸಿದ್ದೆ. ಅಜ್ಜ ಮೂರು ದಿನದಿಂದ ಊಟ ಬೇಡ, ಹೊಟ್ಟೆ ತೊಳಸುತ್ತದೆ ಅನ್ನುತ್ತಿದ್ದ. ಅದೂ ಡಿಗಾಕ್ಸಿನ್ ಮೈಯಲ್ಲಿ ಹೆಚ್ಚಾದುದರ ಸೂಚನೆ ಇರಬಹುದು. ಅವನ ಚಾರ್ಟಿನಲ್ಲಿ ಮೂತ್ರ ಹೆಚ್ಚಿಸುವ ಲಸಿಕ್ಸ್ ಕೂಡ ಇತ್ತು. ಲಸಿಕ್ಸ್ ಮೂತ್ರದ ಜೊತೆ ಪೊಟ್ಯಾಸಿಯಂ ಹೊರಹಾಕುತ್ತದೆ, ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷವಾಗುವುದು ಬೇಗ. ಇವೆರಡನ್ನೂ ನಾನು ಎರಡು ಬೇರೆ ಅಧ್ಯಾಯಗಳಲ್ಲಿ ಓದಿದ್ದೆ. ಅಜ್ಜನ ಮೈಯಲ್ಲಿ ಅವು ಒಂದಾಗಿದ್ದವು.

ಆ ಸಂಜೆ 200 ಪುಟದ ಒಂದು ನೋಟ್‌ಬುಕ್ ಕೊಂಡೆ. ಒಂದು ಬೆಡ್ಡಿಗೆ ಒಂದು ಪುಟ. ಹೆಸರು ಬರೆಯುವುದಿಲ್ಲ, ವಯಸ್ಸು ಮತ್ತು ರೋಗ ಮಾತ್ರ. ಕೆಳಗೆ ಅವರಿಗೆ ಕೊಡುವ ಪ್ರತಿ ಔಷಧಕ್ಕೂ ನಾಲ್ಕು ಪ್ರಶ್ನೆ: ಇವರಿಗೆ ಇದು ಯಾಕೆ, ಕೊಡುವ ಮುಂಚೆ ಏನು ನೋಡಬೇಕು, ಕೊಟ್ಟ ಮೇಲೆ ಏನು ಕಾಯಬೇಕು, ಮನೆಗೆ ಹೋಗುವಾಗ ಏನು ಹೇಳಬೇಕು. ಮೊದಲ ಮೂರಕ್ಕೆ ಪುಸ್ತಕ ಸಾಕು. ನನ್ನನ್ನು ಕಾಡಿದ್ದು ನಾಲ್ಕನೆಯದು. ಅದನ್ನು ನಮ್ಮ ಮಾತಿನಲ್ಲೇ ಬರೆಯಬೇಕೆಂದು ನಿಯಮ ಹಾಕಿಕೊಂಡಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಇಂಗ್ಲಿಷಿನಲ್ಲಿ 'ಡೈಯುರೆಟಿಕ್' ಅಂತ ಬರೆದರೆ ಗೊತ್ತಾದ ಹಾಗೆ ಅನ್ನಿಸುತ್ತಿತ್ತು. "ಇದು ಒಂದಕ್ಕ ಹೆಚ್ಚ ಹೋಗು ಗುಳಿಗಿರೀ, ಮುಂಜಾನೆನ ತಗೋರಿ, ರಾತ್ರಿ ತಗೊಂಡ್ರ ನಿದ್ದಿಗಣ್ಣಾಗ ಎದ್ದು ಬೀಳ್ತೀರಿ" ಅಂತ ಬರೆಯಲು ಹೋದಾಗಲೇ ಏನು ತಿಳಿದಿಲ್ಲ ಅನ್ನುವುದು ತಿಳಿಯುತ್ತಿತ್ತು. ಹಾಸ್ಟೆಲಿನಲ್ಲಿ ರೂಮ್‌ಮೇಟ್ ರೋಗಿಯ ಅತ್ತೆಯಾಗಿ ಕೂರುತ್ತಿದ್ದಳು. ನಿಜವಾದ ಅತ್ತೆಯರಿಗಿಂತ ಜಾಸ್ತಿ ಪ್ರಶ್ನೆ ಕೇಳುತ್ತಿದ್ದಳು.

ಔಷಧಗಳ ಹೆಸರಿಗೆ ನಾನು ಮಾಡಿಕೊಂಡ ಉಪಾಯ ಅಡ್ಡಹೆಸರು. ಬಡಿಗೇರ, ಕಂಬಾರ, ಕುಲಕರ್ಣಿ ಅಂದರೆ ನಮ್ಮ ಕಡೆ ಮನೆತನದ ಕಸುಬು ತಿಳಿಯುತ್ತದಲ್ಲ, ಹಾಗೆ ಔಷಧದ ಹೆಸರಿನ ಕೊನೆಯ ತುಣುಕೇ ಅದರ ಮನೆತನ. 'ಪ್ರಿಲ್' ಮನೆತನದವರು ಬಿ.ಪಿ. ಇಳಿಸುತ್ತಾರೆ, ಒಣಕೆಮ್ಮು ತರುತ್ತಾರೆ. ಕೆಮ್ಮು ತಡೆಯದಿದ್ದರೆ ಡಾಕ್ಟರು ಹೆಚ್ಚಾಗಿ 'ಸಾರ್ಟಾನ್' ಮನೆತನಕ್ಕೆ ಬದಲಿಸುತ್ತಾರೆ. 'ಓಲಾಲ್' ಮನೆತನ ಎದೆಬಡಿತ ನಿಧಾನ ಮಾಡುತ್ತದೆ. ಶುಗರ್ ಇದ್ದವರಲ್ಲಿ ಇದು ಮೋಸ ಮಾಡಬಹುದು. ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವ ಸೂಚನೆಯನ್ನು ಮರೆಮಾಡುತ್ತದೆ, ಬೆವರು ಮಾತ್ರ ಉಳಿಯುತ್ತದೆ. ಆದರೆ ಈ ಉಪಾಯ ಜೆನೆರಿಕ್ ಹೆಸರಿಗಷ್ಟೇ, ಅಂದರೆ ಔಷಧದ ಮೂಲ ಹೆಸರಿಗೆ. ರೋಗಿ ತರುವ ಸ್ಟ್ರಿಪ್ಪಿನ ಬ್ರ್ಯಾಂಡಿಗೆ ಮನೆತನ ಇಲ್ಲ, ಸಣ್ಣಕ್ಷರ ಓದಲೇಬೇಕು.

ಇನ್ಸುಲಿನ್ನಿಗೆ ಆರು ಪುಟ ಹೋದವು. ಕಾರಣ ನನ್ನದೇ ತಪ್ಪು. ವಾರ್ಡಿನಲ್ಲಿದ್ದ ವೈಯಲ್ (ಇನ್ಸುಲಿನ್ನಿನ ಪುಟ್ಟ ಸೀಸೆ) 40ರದು, ಅಂದರೆ ಒಂದು ಮಿಲಿಗೆ 40 ಯೂನಿಟ್. ರೋಗಿಯ ಕಡೆಯವರು ಅಂಗಡಿಯಿಂದ ತಂದ ಸಿರಿಂಜು 100ರದು. ಆರ್ಡರ್ 20 ಯೂನಿಟ್ ಇತ್ತು, ನಾನು 20ರ ಗೆರೆವರೆಗೆ ಎಳೆದೆ. ಪಕ್ಕದ ಸ್ಟಾಫ್ ನರ್ಸ್ ಕೈ ಹಿಡಿದರು. ಆ ಸಿರಿಂಜಿನ 20ರ ಗೆರೆ ಅಂದರೆ 0.2 ಮಿಲಿ, ನನ್ನ ವೈಯಲ್‌ನಲ್ಲಿ ಅದು ಬರೀ 8 ಯೂನಿಟ್. ಇದು ತಿರುಗಾಮುರುಗಾ ಆದರೆ ಜೀವಕ್ಕೇ ಕುತ್ತು: 100ರ ಇನ್ಸುಲಿನ್ನನ್ನು 40ರ ಸಿರಿಂಜಿನ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಕೆಂಪು ಮುಚ್ಚಳ 40ಕ್ಕೆ, ಕಿತ್ತಳೆ ಮುಚ್ಚಳ 100ಕ್ಕೆ. ಮುಚ್ಚಳ ಕಳೆದುಹೋಗಿರಬಹುದು, ಅದಕ್ಕೆ ಮೈಮೇಲಿನ ಅಕ್ಷರವನ್ನೂ ಓದುತ್ತೇನೆ. ತಿಳಿಯಾಗಿರುವ ರೆಗ್ಯುಲರ್ ಮತ್ತು ಕದಡಿದಂತಿರುವ ಎನ್.ಪಿ.ಎಚ್., ಈ ಎರಡು ಬಗೆಯ ಇನ್ಸುಲಿನ್ ಒಂದೇ ಸಿರಿಂಜಿನಲ್ಲಿ ಕೂಡಿಸುವಾಗ ಮೊದಲು ಎಳೆಯುವುದು ತಿಳಿ, ಆಮೇಲೆ ಕದಡು. ಇದನ್ನು ಸಾರಿನ ಪಾತ್ರೆಯ ನೆನಪಿನಲ್ಲಿ ಕಲಿತೆ.

ಮನೆಯವರಿಗೆ ಹೇಳುವ ಮಾತೂ ಅಲ್ಲೇ ಉಂಟು: ಬೆವರು ಬಂದು ಕೈ ನಡುಗಿದರೆ, ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕರೆತನ್ನಿ. ಸೋಮವಾರದ ಉಪವಾಸ, ರಂಜಾನಿನ ರೋಜಾ, ಇವನ್ನು ನಾವೇ ಕೇಳಿ ತಿಳಿದು ಡಾಕ್ಟರಿಗೆ ಹೇಳಬೇಕು. ಅವರಾಗಿ ಹೇಳುವುದಿಲ್ಲ.

ದ್ರಾಕ್ಷಿ ಬೆಳೆಯುವ ಜಿಲ್ಲೆಯಲ್ಲಿ ಇನ್ನೊಂದು ಪುಟ ಖಾಲಿ ಬಿಡುವಂತಿಲ್ಲ. "ನಮ್ಮ ತಮ್ಮ ಎಣ್ಣಿ ಕುಡದಾನ್ರೀ" ಅಂತ ಒಬ್ಬರು ಓಡಿ ಬಂದಾಗ, ಮೈಸೂರು ಕಡೆಯ ನನ್ನ ಸಹಪಾಠಿ ಹೆಂಡ ಅಂತ ತಿಳಿದಳು. ನಮ್ಮಲ್ಲಿ ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗುರಗುರ. ಈ ವಿಷಕ್ಕೆ ಮದ್ದಾದ ಆಟ್ರೊಪಿನ್ ಕೊಡುತ್ತಾ ಹೋಗುವಾಗ ಕಾಯುವುದು ಎದೆ ಒಣಗುವುದನ್ನು. ಬರೀ ಪಾಪೆ ನೋಡುತ್ತಾ ಕೂತರೆ ದಾರಿ ತಪ್ಪುತ್ತದೆ. ಅತಿಯಾದರೆ ಜ್ವರ ಏರುತ್ತದೆ, ರೋಗಿ ಬಡಬಡಿಸುತ್ತಾ ಹಾಸಿಗೆ ಕೀಳುತ್ತಾನೆ, ಮೂತ್ರ ಕಟ್ಟುತ್ತದೆ. ಚೇಳಿನ ಪುಟದಲ್ಲಿ ಪ್ರಾಜೋಸಿನ್ ಇದೆ. ಬಿ.ಪಿ.ಗೆ ಅಂತ ಬಂದ ಈ ಗುಳಿಗೆಯನ್ನು ಕೆಂಪು ಚೇಳಿನ ಕಡಿತಕ್ಕೆ ಬಳಸಿ ಜೀವ ಉಳಿಸಬಹುದೆಂದು ತೋರಿಸಿದವರು ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್. ಮೊದಲ ಡೋಸಿನ ನಂತರ ಬಿ.ಪಿ. ದಿಢೀರ್ ಬೀಳಬಹುದು, ರೋಗಿಯನ್ನು ಮಲಗಿಸಿಯೇ ಇಡಬೇಕು.

ಪರೀಕ್ಷೆಗೆ ಇಂಗ್ಲಿಷಿನಲ್ಲಿ ಬರೆಯಲೇಬೇಕಿತ್ತು, ಬರೆದೆ. ಬೆಡ್ ನೆನಪಾದರೆ ಉತ್ತರ ತಾನೇ ಬರುತ್ತಿತ್ತು.

ಈಗ ನನ್ನ ವಾರ್ಡಿಗೇ ವಿದ್ಯಾರ್ಥಿನಿಯರು ಬರುತ್ತಾರೆ. ಮೊನ್ನೆ ಜಮಖಂಡಿ ಕಡೆಯ ಹುಡುಗಿ, "ಅಕ್ಕಾರ, ಮುಖ್ಯ ಔಷಧಗಳ ಒಂದು ಲಿಸ್ಟ್ ಕೊಡ್ರಿ" ಅಂದಳು. ರಕ್ತ ಕಡಿಮೆಯಾಗಿ ಸೇರಿದ್ದ ಒಬ್ಬ ಆಯಿಯ ಹತ್ತಿರ ಕಳಿಸಿದೆ. ಕಬ್ಬಿಣದ ಗುಳಿಗೆ, ನಾಲ್ಕು ಪ್ರಶ್ನೆ. ಅವಳು ಹೋಗಿ ಹೇಳಿದಳು: ಹೇಲು ಕಪ್ಪಾದರೆ ಹೆದರಬೇಡ್ರಿ, ಗುಳಿಗಿ ಹಿಂದ ಮುಂದ ಚಾ ಕುಡೀಬೇಡ್ರಿ, ಲಿಂಬಿ ತಿಂದ್ರ ಮೈಗೆ ಛಲೋ ಹತ್ತತೈತಿ. ಆಯಿ ಕೇಳಿಸಿಕೊಂಡು, "ಹಂಗಾದ್ರ ಚಾದಾಗ ಲಿಂಬಿ ಹಿಂಡ್ಕೊಂಡು ಕುಡದ್ರ?" ಅಂದಳು. ಹುಡುಗಿ ನನ್ನ ಮುಖ ನೋಡಿದಳು. ನಾನು ಸಲೈನ್ ಬಾಟ್ಲಿಯ ಕಡೆ ತಿರುಗಿದೆ.

"ಚಾ ಬ್ಯಾಡ ಆಯೀ, ನೀರಾಗ ಹಿಂಡ್ಕೋರಿ" ಅಂದಳು ಸ್ವಲ್ಪ ಹೊತ್ತು ಬಿಟ್ಟು. ಆಮೇಲೆ ಪೆನ್ನು ತೆಗೆದು ಅದನ್ನೂ ಬರೆದುಕೊಂಡಳು.