ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ನನ್ನ ಎಸ್‌ಎಂಪಿಎಸ್ ಸಾಕಾ? ನಾನು ನೋಡಿಕೊಂಡ ರೀತಿ

ಚಿಕ್ಕಮಗಳೂರಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಈಗ ಎಲ್ಲರೂ 4ಕೆ ಕೇಳುತ್ತಾರೆ. ಹಳೇ ಜಿಟಿ 1030 ಕಾರ್ಡ್‌ನಲ್ಲಿ ಅದು ಮುಂದಕ್ಕೇ ಹೋಗುತ್ತಿರಲಿಲ್ಲ. 12 ಜಿಬಿಯ ಆರ್‌ಟಿಎಕ್ಸ್ 3060 ತಗೊಳ್ಳೋಣ ಅಂತ ತೀರ್ಮಾನ ಮಾಡಿದೆ. ಆದರೆ ಕಂಪ್ಯೂಟರ್‌ನಲ್ಲಿದ್ದ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡೋ ಡಬ್ಬಿ, ಅದನ್ನು ತಡೆದುಕೊಳ್ಳುತ್ತಾ?

ಅಂಗಡಿಯವರು ಫೋನಲ್ಲೇ ಹೇಳಿಬಿಟ್ಟರು: "450 ವಾಟ್ ಇದೆ ಅಲ್ವಾ ಸಾರ್, ಧಾರಾಳವಾಗಿ ಸಾಕು." ನಾನು ಕ್ಯಾಬಿನೆಟ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ಲೇಬಲ್ ಓದಿದೆ. ದಪ್ಪ ಅಕ್ಷರದಲ್ಲಿ 450 ಅಂತಿತ್ತು. ಅದರ ಕೆಳಗೆ ಸಣ್ಣ ಪಟ್ಟಿ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್. 12 ವೋಲ್ಟ್ ಎದುರು 17 ಆಂಪಿಯರ್. ಎರಡನ್ನೂ ಗುಣಿಸಿದರೆ 204 ವಾಟ್, ಅಷ್ಟೇ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ನಡೆಯೋದು ಈ 12 ವೋಲ್ಟ್ ಲೈನಿಂದಲೇ. ಉಳಿದ ವಾಟ್ ಎಷ್ಟಿದ್ದರೂ ಕಾರ್ಡ್‌ಗೆ ಉಪಯೋಗವಿಲ್ಲ.

ನನ್ನ ಲೆಕ್ಕ ಹೀಗಿತ್ತು. 3060ಕ್ಕೆ 170 ವಾಟ್. ನನ್ನ ಐ5-12400 ಪ್ರೊಸೆಸರ್ ಪೂರ್ತಿ ದುಡಿಯುವಾಗ 117 ವಾಟ್‌ವರೆಗೆ ಎಳೆಯುತ್ತದೆ. ಬೋರ್ಡ್, ಹಾರ್ಡ್ ಡಿಸ್ಕ್, ಫ್ಯಾನ್‌ಗಳಿಗೆ ಅಂತ 60 ಇಟ್ಟುಕೊಂಡೆ. ಸುಮಾರು 350 ಆಯಿತು. ಜೊತೆಗೆ, ಕಾರ್ಡ್‌ಗಳು ಕೆಲವು ಮಿಲಿಸೆಕೆಂಡ್ ಕಾಲ ತಮ್ಮ ಲೆಕ್ಕಕ್ಕಿಂತ ಜಾಸ್ತಿ ಎಳೆಯುತ್ತವೆ. ಎಸ್‌ಎಂಪಿಎಸ್ ದುರ್ಬಲವಾಗಿದ್ದರೆ ಕಂಪ್ಯೂಟರ್ ಅಲ್ಲೇ ಆಫ್ ಆಗುತ್ತದೆ. ಇದರ ಚಿಪ್ ಮಾಡೋ ಎನ್‌ವಿಡಿಯಾ ಈ ಕಾರ್ಡ್‌ಗೆ 550 ವಾಟ್‌ನ ಎಸ್‌ಎಂಪಿಎಸ್ ಬೇಕು ಅನ್ನೋದು ಸುಮ್ನೆ ಅಲ್ಲ.

ಅದಕ್ಕೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 550 ವಾಟ್‌ನದು ತರಿಸಿದೆ. ಆರ್ಡರ್ ಮಾಡೋ ಮುಂಚೆ ಅದರ ಲೇಬಲ್ ಫೋಟೋ ಕಳಿಸಿ ಅಂತ ಕೇಳಿದೆ. 12 ವೋಲ್ಟ್ ಎದುರು 45 ಆಂಪಿಯರ್, ಅಂದರೆ 540 ವಾಟ್. ಒಳ್ಳೆ ಎಸ್‌ಎಂಪಿಎಸ್‌ನ ಗುರುತು ಇದೇ: ಒಟ್ಟು ವಾಟ್ ಹೆಚ್ಚು ಕಡಿಮೆ ಪೂರ್ತಿ 12 ವೋಲ್ಟ್ ಲೈನಲ್ಲಿ ಸಿಗಬೇಕು. '80 ಪ್ಲಸ್' ಸ್ಟಿಕ್ಕರ್ ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದರ ಬಗ್ಗೆ ಮಾತ್ರ ಹೇಳುತ್ತೆ. ಅದೊಂದನ್ನೇ ನೋಡಿ ತಗೋಬಾರದು.

ಇನ್ನು ಕೇಬಲ್. ನನ್ನ ಕಾರ್ಡ್‌ಗೆ ಒಂದು 8 ಪಿನ್ ಪವರ್ ಪ್ಲಗ್ ಬೇಕು. ಕಾರ್ಡ್ ಕೂರೋ ಬೋರ್ಡ್ ಸ್ಲಾಟ್‌ನಿಂದ 75 ವಾಟ್, 8 ಪಿನ್‌ನಿಂದ 150, ಒಟ್ಟು 225. 170ಕ್ಕೆ ಸಾಕು. ಪ್ರೊಸೆಸರ್‌ಗೆ ಹೋಗೋ 8 ಪಿನ್ ಕೂಡ ನೋಡೋಕೆ ಹೀಗೇ ಇರುತ್ತೆ, ಆದರೆ ಅದು 4+4 ಆಗಿ ಬಿಡಿಸಿಕೊಳ್ಳುತ್ತೆ. ಕಾರ್ಡ್‌ನದು 6+2. ಬಣ್ಣದ ವೈರ್ ಇದ್ದರೆ ಎಣಿಸಿ ನೋಡಿ: ಪ್ರೊಸೆಸರ್ ಪ್ಲಗ್‌ನಲ್ಲಿ 4 ಹಳದಿ, 4 ಕಪ್ಪು, ಕಾರ್ಡ್ ಪ್ಲಗ್‌ನಲ್ಲಿ 3 ಹಳದಿ, 5 ಕಪ್ಪು. ಹಳದಿ ಇರೋ ಬದಿಯೂ ಬೇರೆ. ಬಲವಂತವಾಗಿ ಒತ್ತಿ ಕೂರಿಸಿದರೆ ಕಾರ್ಡ್ ಸುಟ್ಟೇ ಹೋಗಬಹುದು. ಹಾರ್ಡ್ ಡಿಸ್ಕ್ ಕೇಬಲ್‌ನಿಂದ 8 ಪಿನ್ ಮಾಡಿಕೊಡೋ ಅಗ್ಗದ ಅಡಾಪ್ಟರ್ ಸಿಗುತ್ತವೆ, ಅದನ್ನು ಮುಟ್ಟಲೇಬೇಡಿ. ಆ ತೆಳು ವೈರ್‌ಗಳು ವಿಪರೀತ ಬಿಸಿಯಾಗುತ್ತವೆ.

ಕೂರಿಸಿದ ಮೇಲೆ ಒಂದು 4ಕೆ ಪ್ರಾಜೆಕ್ಟ್ ಎಕ್ಸ್‌ಪೋರ್ಟ್‌ಗೆ ಹಾಕಿ, ಖಾಲಿ ಇದ್ದ ಹಾರ್ಡ್ ಡಿಸ್ಕ್ ಪ್ಲಗ್‌ನ ಹಳದಿ ಮತ್ತು ಕಪ್ಪು ವೈರ್‌ಗೆ ಮಲ್ಟಿಮೀಟರ್ ಹಿಡಿದೆ. 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ನನ್ನದು 12ರ ಆಸುಪಾಸಿನಲ್ಲೇ ನಿಂತಿತ್ತು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ.

ನಮ್ಮ ಮಲೆನಾಡಿನವರು ಯುಪಿಎಸ್ ಲೆಕ್ಕವನ್ನೂ ಹಾಕಲೇಬೇಕು. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಒಂದು ಲೈನ್ ಮೇಲೆ ಬಿದ್ದರೆ ಕರೆಂಟ್ ಹೋಯಿತು ಅಂತಲೇ. ನನ್ನ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಕೊಡುತ್ತಿದ್ದದ್ದು 360 ವಾಟ್. ಕಂಪ್ಯೂಟರ್ ಒಳಗೆ 350 ಬೇಕಾದರೆ, ಎಸ್‌ಎಂಪಿಎಸ್‌ನಲ್ಲಿ ಪೋಲಾಗೋದೂ ಸೇರಿ ಗೋಡೆಯಿಂದ 400 ದಾಟುತ್ತೆ, ಮೇಲೆ ಮಾನಿಟರ್ ಬೇರೆ. ಕರೆಂಟ್ ಹೋದ ತಕ್ಷಣ ಅದು ಓವರ್‌ಲೋಡ್ ಆಗಿ ಕೈಕೊಡುತ್ತಿತ್ತು. ಅದಕ್ಕೆ 660 ವಾಟ್ ಕೊಡೋ 1100 ವಿಎ ಹಾಕಿಸಿದೆ. ಈಗ ಎಕ್ಸ್‌ಪೋರ್ಟ್ ಮಧ್ಯೆ ಕರೆಂಟ್ ಹೋದರೂ ನಿಲ್ಲಿಸಿ, ಸೇವ್ ಮಾಡಿ, ಆಫ್ ಮಾಡೋಕೆ ಟೈಮ್ ಸಿಗುತ್ತೆ.