ಯುದ್ಧದ ಪುಸ್ತಕ ತೆರೆಯುವ ಮುನ್ನ ನಕಾಶೆ ಬಿಚ್ಚಿ

ಬೀದರಿನವರಿಗೆ ಜೆಟ್ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಇಲ್ಲೇ. ಹಾಕ್ ತರಬೇತಿ ವಿಮಾನಗಳು 2008ರಿಂದ ಇಲ್ಲಿ ಹಾರುತ್ತಿವೆ. ಆ ಸದ್ದು ಕೇಳುತ್ತಲೇ ಬೆಳೆದ ಹುಡುಗ ಹುಡುಗಿಯರು ಎನ್‌ಡಿಎ, ಎಎಫ್‌ಕ್ಯಾಟ್ ಎಂದು ಸೇನಾ ಅಧಿಕಾರಿ ಹುದ್ದೆಯ ಪರೀಕ್ಷೆಗಳಿಗೆ ಓದಲು ಕೂತಾಗ ಬಹಳಷ್ಟು ಮಂದಿ ಮೊದಲು ಕೊಳ್ಳುವುದು ನಾಯಕತ್ವದ ಸೂತ್ರಗಳ ಪುಸ್ತಕ. ಅದನ್ನು ಕೊನೆಗೆ ಇಡಿ. ಸೂತ್ರ ಬಾಯಿಪಾಠವಾಗುತ್ತದೆ, ನಿಜ. ಆದರೆ ನಿರ್ಧಾರ ಮಾಡುವ ಗಳಿಗೆಯಲ್ಲಿ ಆ ಮನುಷ್ಯನಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದು ಸೂತ್ರದಲ್ಲಿ ಸಿಗುವುದಿಲ್ಲ. ಸೇನಾ ಇತಿಹಾಸ ಓದುವುದು ಅದನ್ನು ತಿಳಿಯಲಿಕ್ಕೆ.

ಬೇಕಾದ ಸಾಮಾನು ಸ್ವಲ್ಪವೇ: 200 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಸ್ಕೇಲು, ನಕಾಶೆಯ ಮೇಲಿಟ್ಟು ಗೆರೆ ಎಳೆಯಲು ಹತ್ತು ಹಾಳೆ ಬಟರ್ ಪೇಪರ್. ನೋಟ್‌ಬುಕ್ಕಿನ ಎಡಪುಟದಲ್ಲಿ ನಡೆದದ್ದನ್ನು ದಿನಾಂಕ, ಸಮಯದ ಸಮೇತ ಬರೆಯಿರಿ. ಬಲಪುಟದಲ್ಲಿ ಆ ಹೊತ್ತಿಗೆ ಯಾರಿಗೆ ಏನು ತಿಳಿದಿತ್ತು ಎಂದಷ್ಟೇ ಬರೆಯಿರಿ. ಮುಂದೆ ಏನಾಯಿತು ಎಂಬುದು ಓದುವ ನಮಗೆ ಮೊದಲೇ ಗೊತ್ತಿರುವುದರಿಂದ ಸೋತವರೆಲ್ಲ ದಡ್ಡರಂತೆ ಕಾಣುತ್ತಾರೆ. ಬಲಪುಟ ಇರುವುದು ಆ ತಪ್ಪು ತಡೆಯಲು.

ಅಭ್ಯಾಸವನ್ನು ಮನೆ ಹತ್ತಿರದ ಕೋಟೆಯಿಂದಲೇ ಶುರುಮಾಡಿ. ಗುಲಾಂ ಯಜ್ದಾನಿಯವರು ಬೀದರಿನ ಇತಿಹಾಸ, ಸ್ಮಾರಕಗಳ ಬಗ್ಗೆ ಬರೆದ ಇಂಗ್ಲಿಷ್ ಗ್ರಂಥ 1947ರಲ್ಲಿ ಬಂತು. ಕೋಟೆಯ ಅಧ್ಯಾಯ ಓದಿ, ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ನಡೆಯಿರಿ. ಕೆಲವು ಕಡೆ ಕಂದಕ ಮೂರು ಸಾಲಿದೆ, ಕೆಲವು ಕಡೆ ಒಂದೇ. ಯಾಕೆ? ನೆಲದ ಇಳಿಜಾರು ನೋಡಿದರೆ ಉತ್ತರ ಸಿಗುತ್ತದೆ: ಪ್ರಸ್ಥಭೂಮಿಯ ಅಂಚು ಕಡಿದಾಗಿ ಇಳಿಯುವ ಕಡೆ ನೆಲವೇ ಕಾವಲು, ಸಪಾಟಾಗಿರುವ ಕಡೆ ಕಲ್ಲು ಕಡಿಯಲೇಬೇಕು. ಮುಂಡಾ ಬುರುಜಿನ ಮೇಲೆ ನಿಂತು ತೋಪಿನ ಗುಂಡು ಎಲ್ಲಿಯವರೆಗೆ ಬೀಳಬಹುದಿತ್ತು ಎಂದು ಅಂದಾಜು ಮಾಡಿ. ಇಷ್ಟೆಲ್ಲ ಇದ್ದೂ 1657ರಲ್ಲಿ ಔರಂಗಜೇಬನ ಮುತ್ತಿಗೆಗೆ ಕೋಟೆ 27 ದಿನದಲ್ಲಿ ಬಿತ್ತು. ಬುರುಜಿನಲ್ಲಿದ್ದ ಮದ್ದಿಗೆ ಬೆಂಕಿ ತಗುಲಿ, ಕಿಲ್ಲೇದಾರ ಸಿದ್ದಿ ಮರ್ಜಾನನೇ ಅದರಲ್ಲಿ ಗಾಯಗೊಂಡು ಸತ್ತ. ಗೋಡೆ ಗಟ್ಟಿಯಿತ್ತು, ಮದ್ದು ಇಟ್ಟ ಜಾಗ ತಪ್ಪಾಗಿತ್ತು. ನೋಟ್‌ಬುಕ್ಕಿನ ಮೊದಲ ಎರಡು ಪುಟಕ್ಕೆ ಈ ಘಟನೆ ಸಾಕು.

ಆಮೇಲೆ 1962ರ ಚೀನಾ ಯುದ್ಧ. ಬ್ರಿಗೇಡಿಯರ್ ಜಾನ್ ದಳವಿಯವರ ‘ಹಿಮಾಲಯನ್ ಬ್ಲಂಡರ್’ ರವಿ ಬೆಳಗೆರೆಯವರ ಅನುವಾದದಲ್ಲಿ ಕನ್ನಡದಲ್ಲೇ ಇದೆ, ಆದ್ದರಿಂದ ಭಾಷೆಯ ನೆಪ ಬೇಡ. ಓದುವ ಮೊದಲು ಬಟರ್ ಪೇಪರ್ ಮೇಲೆ ನಮ್ಕಾ ಚು ಹೊಳೆ, ಥಗ್ಲಾ ದಿಣ್ಣೆ, ವಿಮಾನದಿಂದ ಸಾಮಾನು ಉದುರಿಸುತ್ತಿದ್ದ ತ್ಸಾಂಗ್‌ಧಾರ್, ಈ ಮೂರನ್ನು ಗುರುತಿಸಿ. ಯಾರು ಎತ್ತರದಲ್ಲಿದ್ದರು, ಯಾರು ತಗ್ಗಿನಲ್ಲಿದ್ದರು ಎಂದು ಬಾಣ ಹಾಕಿ. ಅಕ್ಟೋಬರ್ 20ರ ಬೆಳಗಿನ ದಾಳಿ ಅರ್ಥವಾಗುವುದು ಆಗಲೇ. ತುಕಡಿಗಳ ಲೆಕ್ಕವನ್ನೂ ಮೊದಲ ಪುಟದಲ್ಲಿ ಬರೆದಿಡಿ: ಪ್ಲಟೂನ್ ಎಂದರೆ ಸುಮಾರು 30 ಮಂದಿ, ಕಂಪನಿ ನೂರರ ಮೇಲೆ, ಬೆಟಾಲಿಯನ್ ಸುಮಾರು 800, ಸಾಮಾನ್ಯವಾಗಿ ಮೂರು ಬೆಟಾಲಿಯನ್‌ಗೆ ಒಂದು ಬ್ರಿಗೇಡ್. ಕಾಗದದ ಮೇಲಿನ ಈ ಸಂಖ್ಯೆಗೂ ಹೊಳೆಯ ದಂಡೆಯಲ್ಲಿ ನಿಜಕ್ಕೂ ನಿಂತಿದ್ದವರಿಗೂ ಇದ್ದ ಅಂತರವನ್ನು ಬಲಪುಟಕ್ಕೆ ಹಾಕಿ. ಒಂದು ಎಚ್ಚರಿಕೆ: ದಳವಿಯವರು ಸ್ವತಃ ಆ 7ನೇ ಬ್ರಿಗೇಡಿನ ಕಮಾಂಡರ್, ಸೆರೆಸಿಕ್ಕವರು. ಮೇಲಿನವರ ತಪ್ಪು ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಎದುರಿನವರ ಲೆಕ್ಕಾಚಾರಕ್ಕೆ ಇನ್ನೊಂದು ಪುಸ್ತಕ ಬೇಕೇ ಬೇಕು.

ಎರಡೂ ಕಡೆಯದನ್ನು ಓದಬೇಕು ಎಂಬುದಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಈ ಕೊಡಗಿನ ಪೈಲಟ್ ಮರಳಲಿಲ್ಲ. ನಮ್ಮ ಕಡೆಯ ದಾಖಲೆಯಲ್ಲಿ ಅಷ್ಟೇ ಇತ್ತು. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದ ಅವರು ಶಬ್ದದ ಎರಡುಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ ಒಂದನ್ನು ಉರುಳಿಸಿದ್ದರು ಎಂಬ ಸಂಗತಿ ಬಯಲಾದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ಪರವಾಗಿ ಬರೆದ ಜಾನ್ ಫ್ರಿಕರ್ ಅವರ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಎದುರಾಳಿಯ ಪುಸ್ತಕ ಓದದಿದ್ದರೆ ನಮ್ಮ ವೀರನ ಕಥೆಯೇ ನಮಗೆ ಪೂರ್ತಿ ಸಿಗುತ್ತಿರಲಿಲ್ಲ.

ಎರಡು ಪುಸ್ತಕ ಹೋಲಿಸುವಾಗ ಗಡಿಯಾರದ ಮೇಲೆ ಕಣ್ಣಿರಲಿ. ಪಶ್ಚಿಮ ಪಾಕಿಸ್ತಾನದ ಸಮಯ ನಮ್ಮದಕ್ಕಿಂತ 30 ನಿಮಿಷ ಹಿಂದೆ. ಇದನ್ನು ಮರೆತರೆ ಒಂದೇ ಕಾದಾಟ ಎರಡಾಗಿ ಕಾಣುತ್ತದೆ. ವೇಗ ನಾಟ್‌ನಲ್ಲಿ, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಎಂದು ಇದ್ದರೆ 1.852ರಿಂದ ಗುಣಿಸಿ, ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. ಶತ್ರುವಿನ ಎಷ್ಟು ವಿಮಾನ ಬಿದ್ದವು ಎಂಬುದಕ್ಕೆ ಹೊಡೆದವರ ಲೆಕ್ಕ ನಂಬಬೇಡಿ, ಕಳೆದುಕೊಂಡವರ ಪಟ್ಟಿ ನೋಡಿ. ಕಾದಾಟದ ಗಡಿಬಿಡಿಯಲ್ಲಿ ಒಂದೇ ವಿಮಾನವನ್ನು ಇಬ್ಬರು ತಮ್ಮ ಖಾತೆಗೆ ಬರೆದುಕೊಳ್ಳುವುದು ಎಲ್ಲ ಯುದ್ಧಗಳಲ್ಲೂ ಇದೆ.

ವಿಮಾನಯಾನ ಮತ್ತು ನಾಯಕತ್ವ ಕೂಡುವ ಜಾಗವೆಂದರೆ ಅಪಘಾತದ ತನಿಖಾ ವರದಿ. ಕಾದಂಬರಿಯ ರೋಚಕತೆ ಇದರಲ್ಲಿಲ್ಲ, ಆದರೂ ಬಿಡಬೇಡಿ. 2010ರ ಮೇ 22ರ ಮಂಗಳೂರು ದುರಂತದ ವರದಿ ತೆಗೆದುಕೊಳ್ಳಿ. 158 ಜನ ತೀರಿಕೊಂಡರು. ಮೊದಲು ಗ್ರಾಫ್ ಹಾಳೆಯಲ್ಲಿ 3 ಡಿಗ್ರಿ ಇಳಿಜಾರಿನ ಗೆರೆ ಎಳೆಯಿರಿ: ರನ್‌ವೇಯಿಂದ ಒಂದು ನಾಟಿಕಲ್ ಮೈಲಿ ದೂರದಲ್ಲಿ ಸುಮಾರು 320 ಅಡಿ ಎತ್ತರ, ಎರಡಕ್ಕೆ 640. ವಿಮಾನ ಇದರ ಹೆಚ್ಚುಕಡಿಮೆ ಎರಡುಪಟ್ಟು ಎತ್ತರದಲ್ಲಿತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಅದು ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದಿದ್ದರು, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿ ಎಂದು. ಹಿರಿಯನ ಕೈಯಲ್ಲಿ ಅಧಿಕಾರವಿದ್ದಾಗ ಕಿರಿಯನ ಸರಿಯಾದ ಮಾತು ಯಾಕೆ ನಾಟುವುದಿಲ್ಲ? ಬಲಪುಟದಲ್ಲಿ ಈ ಪ್ರಶ್ನೆಗೆ ನಿಮ್ಮದೇ ಉತ್ತರ ಬರೆಯಿರಿ.

ಇಷ್ಟಾದ ಮೇಲೆ ನಾಯಕತ್ವಕ್ಕೆಂದೇ ಒಂದು ಪುಸ್ತಕ ಬೇಕಾದರೆ ಬ್ರಿಟಿಷ್ ಜನರಲ್ ವಿಲಿಯಂ ಸ್ಲಿಮ್ ಎರಡನೇ ಮಹಾಯುದ್ಧದ ಬರ್ಮಾ ಕಾಳಗದ ಬಗ್ಗೆ 1956ರಲ್ಲಿ ಬರೆದದ್ದನ್ನು ಹಿಡಿಯಿರಿ. ಅವರ 14ನೇ ಸೈನ್ಯದಲ್ಲಿ ಹೆಚ್ಚಿನವರು ಭಾರತೀಯರು. ಕೊಹಿಮಾಕ್ಕೆ ಜಪಾನಿನ ಒಂದು ರೆಜಿಮೆಂಟ್ ಬಂದೀತು ಎಂದುಕೊಂಡಿದ್ದೆ, ಬಂದದ್ದು ಅದಕ್ಕಿಂತ ಹಲವು ಪಟ್ಟು ದೊಡ್ಡದಾದ ಇಡೀ ಡಿವಿಷನ್ ಎಂದು ತಮ್ಮ ತಪ್ಪನ್ನು ಅವರೇ ಒಪ್ಪಿಕೊಳ್ಳುತ್ತಾರೆ. ಗೆದ್ದ ಜನರಲ್ ಹೀಗೆ ಬರೆಯುವುದು ಅಪರೂಪ. ದಪ್ಪ ಪುಸ್ತಕ ಅದು, ದಿನಕ್ಕೆ 15 ಪುಟದಂತೆ ಓದಿ, ವಾರಕ್ಕೊಂದು ದಿನ ನೋಟ್‌ಬುಕ್ಕಿಗೆ ಬಿಡಿ.

ಹಕ್ಕುಸ್ವಾಮ್ಯ ಮುಗಿದ ಹಳೆಯ ಗ್ರಂಥಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್‌ನ ಆತ್ಮಕಥೆ, ಬಹಮನಿಗಳ ಕಾಳಗಗಳನ್ನು ಬರೆದ ಇತಿಹಾಸಕಾರ ಫಿರಿಸ್ತಾನ ಗ್ರಂಥದ ಬ್ರಿಗ್ಸ್ ಅನುವಾದ ಅಲ್ಲಿವೆ. ಆದರೆ ಇಂಥ ಸ್ಕ್ಯಾನ್ ಪ್ರತಿಗಳಲ್ಲಿ ಮಡಚಿ ಅಂಟಿಸಿದ ನಕಾಶೆಗಳು ಎಷ್ಟೋ ಸಲ ಅರ್ಧಕ್ಕೇ ಕತ್ತರಿಸಿರುತ್ತವೆ. ಡೌನ್‌ಲೋಡ್ ಮಾಡಿದ ಕೂಡಲೇ ನಕಾಶೆಯ ಪುಟಗಳನ್ನು ಹುಡುಕಿ ನೋಡಿ, ಪೂರ್ತಿ ಇದ್ದರೆ ಎ3 ಹಾಳೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಇಲ್ಲದಿದ್ದರೆ ಬೇರೆ ಮುದ್ರಣದ ಪ್ರತಿ ಹುಡುಕಿ.